ಒಂಟಿ ಬೇಟೆಯೋ, ಗುಂಪು ಬೇಟೆಯೋ?

ಪ್ರಶ್ನೆ: ಆನ್‌ಲೈನ್ ಗೇಮ್‌ನಲ್ಲಿ ಒಂದೇ ಬಾಸ್‌ನನ್ನು ನೂರು ಸಲ ಹೊಡೆದರೂ 1% ಅವಕಾಶವಿರುವ ಕತ್ತಿ ಸಿಕ್ಕಿಲ್ಲ. ಗೆಳೆಯರ ಜೊತೆ ಆಡಿದರೆ ಬೇಗ ಸಿಗುತ್ತದೆಯೇ? (ಓದುಗರು, ಹಾನಗಲ್)

ಉತ್ತರ: ನೂರಕ್ಕೆ ಒಂದು ಎಂದರೆ ನೂರನೆಯದಕ್ಕೆ ಖಾತ್ರಿ ಎಂದಲ್ಲ. ನೂರು ಸಲ ಹೊಡೆದವರಲ್ಲಿ ಸುಮಾರು 37% ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ಮುನ್ನೂರು ಸಲ ಹೊಡೆದರೂ ಸುಮಾರು 5% ಮಂದಿಗೆ ಅದೇ ಗತಿ. ಹಿಂದಿನ ಸೋಲು ಮುಂದಿನ ಸಲದ ಅವಕಾಶವನ್ನು ಹೆಚ್ಚಿಸುವುದಿಲ್ಲ.

ಗುಂಪಿನ ಲಾಭ ನಿಂತಿರುವುದು ಹಂಚಿಕೆಯ ನಿಯಮದ ಮೇಲೆ. ‘ಡಯಾಬ್ಲೊ 2’ ಗೇಮ್‌ನಲ್ಲಿ ಬಿದ್ದ ವಸ್ತು ಮೊದಲು ಎತ್ತಿಕೊಂಡವರದ್ದು. 2012ರಲ್ಲಿ ಬಂದ ‘ಡಯಾಬ್ಲೊ 3’ರಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಬೀಳುತ್ತದೆ, ಅಲ್ಲಿ ಬೇಗ ಕೊಲ್ಲುವ ಗುಂಪೇ ಮೇಲು.

ಹಂಚಿಕೊಳ್ಳಬೇಕಾದಲ್ಲಿ ಹೀಗೆ ಲೆಕ್ಕ ಹಾಕಿ: ಒಬ್ಬರೇ ಗಂಟೆಗೆ 10 ಬಾಸ್‌ಗಳನ್ನು ಕೊಂದು, ಐವರು ಸೇರಿ 40 ಕೊಂದರೆ, ತಲಾ ಪಾಲು 8 ಮಾತ್ರ. ಒಂಟಿಯಾಟವೇ ವಾಸಿ. ಐವರು 50 ದಾಟಿದರೆ, ಇಲ್ಲವೇ ಬಾಸ್ ಒಬ್ಬರಿಗೆ ಬಗ್ಗದಿದ್ದರೆ, ಗುಂಪು ಕಟ್ಟಿ. ಆಗ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬದಲಿಗೆ ಬದಲಿ ದುಡಿಯುವ ನಿಮ್ಮೂರಿನ ಮುಯ್ಯಾಳಿನಂತೆ ಸರದಿ ಇರಲಿ: ಈ ಸಲ ಬಿದ್ದದ್ದು ಯಾರಿಗೆ, ಮುಂದಿನದು ಯಾರಿಗೆ ಎಂಬುದನ್ನು ಆಟಕ್ಕಿಳಿಯುವ ಮೊದಲೇ ಮಾತಾಡಿಕೊಳ್ಳಿ. ಕತ್ತಿ ಬಿದ್ದ ಮೇಲೆ ಮಾತಿಗೆ ಕೂತರೆ ಜಗಳ ಗ್ಯಾರಂಟಿ.