ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಎರಡನೆಯದು ಹೇಗೆ?

ನಾಲ್ಕು ತಿಂಗಳ ಗರ್ಭಿಣಿ ಸೊಸೆಯನ್ನು ಕರೆದುಕೊಂಡು ಅತ್ತೆಯೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಸೊಸೆಯ ಮೊದಲ ಹೆರಿಗೆ ಆಪರೇಷನ್ ಮೂಲಕ ಆಗಿತ್ತು. "ಡಾಕ್ಟ್ರಮ್ಮಾ, ನಾನು ಐದು ಹೆತ್ತಿದ್ದೇನೆ, ಐದೂ ಮನೆಯಲ್ಲೇ. ಇವಳಿಗೆ ಈ ಸಲವಾದರೂ ನಾರ್ಮಲ್ ಆಗಲಿ. ಯುನಾನಿಯಲ್ಲಿ ಯಾವುದಾದರೂ ಮಾಜೂನ್ ಇದ್ದರೆ ಕೊಡಿ" ಎಂದರು. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಅತ್ತೆ ಚೀಟಿ ಹಿಡಿದು ಹೊರಗೆ ಹೋದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು: "ಆಪಾ, ನನಗೆ ನೋವಿನ ಭಯ ಇಲ್ಲ. ಒಳಗಿನ ಹೊಲಿಗೆ ಬಿಚ್ಚಿಕೊಂಡರೆ ಏನು ಗತಿ ಅಂತ ಭಯ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ."

ಅತ್ತೆಯ ಆಸೆ ತಪ್ಪಲ್ಲ, ಸೊಸೆಯ ಭಯವೂ ಸುಳ್ಳಲ್ಲ. ಆದರೆ ಇಬ್ಬರ ಪ್ರಶ್ನೆಗೂ ಉತ್ತರ ಮಾಜೂನಿನ ಡಬ್ಬಿಯಲ್ಲಿಲ್ಲ. ಅದು ಇರುವುದು ಹಿಂದಿನ ಆಪರೇಷನ್‌ನ ಕಾಗದದಲ್ಲಿ, ಹೆರಿಗೆಗೆ ಆರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಮತ್ತು ಮನೆಯವರು ಕುಳಿತು ಮುಕ್ತವಾಗಿ ಆಡುವ ಮಾತಿನಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಅಂದರೆ ಈ ಪ್ರಶ್ನೆ ಇಂದು ಮನೆಮನೆಯ ಪ್ರಶ್ನೆಯಾಗಿದೆ.

"ಒಮ್ಮೆ ಆಪರೇಷನ್ ಆದರೆ ಮುಂದೆಯೂ ಆಪರೇಷನ್ನೇ" ನಿಜವೇ?

ಈ ಮಾತಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1916ರಲ್ಲಿ ಅಮೆರಿಕದ ಎಡ್ವಿನ್ ಕ್ರಾಗಿನ್ ಎಂಬ ವೈದ್ಯರು ಹೀಗೆ ಬರೆದಿದ್ದರು. ಅಂದು ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಕ್ಕೆ ಸೀಳುತ್ತಿದ್ದರು. ಹೆರಿಗೆ ನೋವಿನಲ್ಲಿ ಬಲವಾಗಿ ಹಿಂಡಿಕೊಳ್ಳುವುದು ಇದೇ ಭಾಗ. ಹಾಗಾಗಿ ಆ ಕಲೆ ಮುಂದಿನ ಹೆರಿಗೆಯಲ್ಲಿ ಬಿರಿಯುವ ಅಪಾಯ ದೊಡ್ಡದಿತ್ತು. ಮುಂದೆ 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಎಂಬ ವೈದ್ಯರು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಸೀಳುವ ಕ್ರಮವನ್ನು ಬಳಕೆಗೆ ತಂದರು. ಕೆಳಭಾಗ ತೆಳುವಾಗಿದ್ದು ಕಡಿಮೆ ಹಿಂಡಿಕೊಳ್ಳುತ್ತದೆ, ಗಾಯವೂ ಚೆನ್ನಾಗಿ ಕೂಡುತ್ತದೆ. ಇಂದು ನಮ್ಮಲ್ಲಿ ಆಗುವ ಬಹುತೇಕ ಸಿಸೇರಿಯನ್‌ಗಳು ಇದೇ ಬಗೆಯವು.

ಆದ್ದರಿಂದ ಹಳೆಯ ಮಾತು ಇಂದು ಎಲ್ಲರಿಗೂ ಅನ್ವಯಿಸುವುದಿಲ್ಲ. ಒಂದೇ ಒಂದು ಸಿಸೇರಿಯನ್ ಆಗಿದ್ದು, ಅದು ಕೆಳಭಾಗದ ಅಡ್ಡ ಸೀಳಾಗಿದ್ದರೆ, ಸೂಕ್ತರೆಂದು ಪರೀಕ್ಷಿಸಿ ಸಹಜ ಹೆರಿಗೆಗೆ ಪ್ರಯತ್ನಿಸಿದ ನೂರು ಮಂದಿಯಲ್ಲಿ 60ರಿಂದ 80 ಮಂದಿಗೆ ಅದು ಸಫಲವಾಗುತ್ತದೆ. ಈ ಹಿಂದೆ ಒಮ್ಮೆಯಾದರೂ ಸಹಜ ಹೆರಿಗೆ ಆಗಿದ್ದವರಲ್ಲಿ ಈ ಸಂಖ್ಯೆ 85ರಿಂದ 90.

ಮೊದಲು ಆ ಕಾಗದ ಹುಡುಕಿ

ಹೊಟ್ಟೆಯ ಮೇಲಿನ ಕಲೆ ಅಡ್ಡಕ್ಕಿದೆ, ಹಾಗಾಗಿ ಒಳಗೂ ಅಡ್ಡಕ್ಕೇ ಇರಬೇಕು ಎಂದುಕೊಳ್ಳಬೇಡಿ. ಚರ್ಮದ ಸೀಳು ಬೇರೆ, ಗರ್ಭಕೋಶದ ಸೀಳು ಬೇರೆ. ತಿಂಗಳು ತುಂಬುವ ಬಹಳ ಮೊದಲೇ ಮಗುವನ್ನು ತೆಗೆಯಬೇಕಾದಾಗ ಅಥವಾ ಮಗು ಅಡ್ಡ ಮಲಗಿದ್ದಾಗ ಒಳಗಿನ ಸೀಳು ಉದ್ದಕ್ಕೆ ಇರುವ ಸಾಧ್ಯತೆ ಇರುತ್ತದೆ. ಇದನ್ನು ಖಚಿತವಾಗಿ ಹೇಳುವುದು ಡಿಸ್ಚಾರ್ಜ್ ಕಾರ್ಡ್ ಮತ್ತು ಆಪರೇಷನ್ ಟಿಪ್ಪಣಿ.

ನನ್ನ ಬಳಿ ಬರುವ ಹೆಚ್ಚಿನವರು ಆ ಕಾಗದ "ಮನೆ ಬದಲಿಸುವಾಗ ಕಳೆದುಹೋಯಿತು" ಎನ್ನುತ್ತಾರೆ. ಮದುವೆಯ ಆಲ್ಬಂ ಭದ್ರವಾಗಿರುತ್ತದೆ, ಜೀವದ ಕಾಗದ ಇರುವುದಿಲ್ಲ. ಕಳೆದಿದ್ದರೆ ಹೆರಿಗೆಯಾದ ಆಸ್ಪತ್ರೆಗೆ ಹೋಗಿ ದಿನಾಂಕ ಹೇಳಿ ನಕಲು ಕೇಳಿ. ಸಿಕ್ಕಿದ್ದನ್ನು ತಾಯಿ ಕಾರ್ಡಿನ ಜೊತೆಗೇ ಇಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ನೋಡಬೇಕಾದ ವಿಷಯಗಳು ಇಷ್ಟು:

• ಗರ್ಭಕೋಶದ ಸೀಳು ಯಾವ ಬಗೆಯದು?
• ಆಪರೇಷನ್ ಯಾಕೆ ಮಾಡಿದರು?
• ಎಷ್ಟನೇ ವಾರದಲ್ಲಿ ಹೆರಿಗೆಯಾಯಿತು?
• ಆಪರೇಷನ್ ಸಮಯದಲ್ಲಿ ಅಥವಾ ನಂತರ ಸೋಂಕು, ಹೆಚ್ಚು ರಕ್ತಸ್ರಾವ ಏನಾದರೂ ಆಗಿತ್ತೇ?

ಎರಡನೆಯ ಪ್ರಶ್ನೆಗೆ ತುಂಬ ತೂಕವಿದೆ. ಮೊದಲ ಮಗು ಪೃಷ್ಠ ಕೆಳಗಾಗಿ ಕುಳಿತಿತ್ತು ಎಂಬ ಕಾರಣಕ್ಕೆ ಆಪರೇಷನ್ ಆಗಿದ್ದರೆ ಈ ಸಲ ಆ ಕಾರಣವೇ ಇಲ್ಲದಿರಬಹುದು. ಆಗ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು. ಗಂಟೆಗಟ್ಟಲೆ ನೋವು ತಿಂದರೂ ಗರ್ಭಕೋಶದ ಬಾಯಿ ತೆರೆಯದೆ, ಮಗು ಇಳಿಯದೆ ಆಪರೇಷನ್ ಆಗಿದ್ದರೆ ಸಾಧ್ಯತೆ ಸ್ವಲ್ಪ ಕಡಿಮೆ, ಆದರೆ ಮುಗಿದುಹೋಯಿತು ಎಂದಲ್ಲ. ತಾಯಿಯ ತೂಕ ಬಹಳ ಹೆಚ್ಚಿರುವುದು, ಮಗು ತುಂಬ ದೊಡ್ಡದಿರುವುದು ಕೂಡ ಸಾಧ್ಯತೆಯನ್ನು ತಗ್ಗಿಸುತ್ತವೆ.

ಯಾರು ಪ್ರಯತ್ನಿಸಲೇಬಾರದು?

ಒಳಗಿನ ಸೀಳು ಉದ್ದಕ್ಕೆ ಇದ್ದವರು, ಹಿಂದೆ ಗರ್ಭಕೋಶ ಬಿರಿದಿದ್ದವರು, ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿರುವವರು, ಮಗು ಅಡ್ಡ ಮಲಗಿರುವವರು ಸಹಜ ಹೆರಿಗೆಯ ಯೋಚನೆ ಬಿಡಬೇಕು. ಗಡ್ಡೆ ತೆಗೆಯಲು ಗರ್ಭಕೋಶಕ್ಕೆ ಬೇರೆ ಆಪರೇಷನ್ ಆಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಎರಡು ಸಿಸೇರಿಯನ್ ಆದವರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಮೂರನೆಯದೂ ಆಪರೇಷನ್ ಎಂದೇ ಸಲಹೆ ನೀಡುತ್ತಾರೆ.

ಎರಡು ದಾರಿಗಳನ್ನೂ ತೂಗಿ ನೋಡೋಣ

ಆ ಸೊಸೆಯ ಭಯಕ್ಕೆ ಸಂಖ್ಯೆಯಲ್ಲಿ ಉತ್ತರ ಕೊಡುವುದಾದರೆ ಹೀಗೆ: ಕೆಳಭಾಗದ ಒಂದು ಅಡ್ಡ ಸೀಳು ಇದ್ದು ಸಹಜ ಹೆರಿಗೆಗೆ ಪ್ರಯತ್ನಿಸಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಕಲೆ ಬಿರಿಯಬಹುದು. 199 ಮಂದಿಗೆ ಹಾಗಾಗುವುದಿಲ್ಲ. ಆದರೆ ಆ ಒಬ್ಬರಿಗೆ ಆದಾಗ ಅದು ತಾಯಿ ಮಗು ಇಬ್ಬರ ಪ್ರಾಣದ ಪ್ರಶ್ನೆ. ನಿಮಿಷಗಳಲ್ಲಿ ಆಪರೇಷನ್ ಆಗಬೇಕು. ನೋವು ಶುರುವಾಗುವ ಮೊದಲೇ ದಿನ ನಿಗದಿ ಮಾಡಿ ಆಪರೇಷನ್ ಮಾಡಿಸಿಕೊಂಡವರಲ್ಲಿ ಇದು ಇನ್ನೂ ಅಪರೂಪ, ಹತ್ತು ಸಾವಿರಕ್ಕೆ ಇಬ್ಬರಷ್ಟು.

ಹಾಗಾದರೆ ಆಪರೇಷನ್ನೇ ಕ್ಷೇಮವಲ್ಲವೇ ಎನ್ನಬಹುದು. ಅದರದ್ದೂ ಲೆಕ್ಕವಿದೆ. ಸಹಜ ಹೆರಿಗೆಯಾದ ತಾಯಿ ಬೇಗ ಎದ್ದು ಓಡಾಡುತ್ತಾಳೆ, ಬೇಗ ಹಾಲೂಡುತ್ತಾಳೆ, ಮನೆಯಲ್ಲಿರುವ ದೊಡ್ಡ ಮಗುವನ್ನೂ ಎತ್ತಿಕೊಳ್ಳಬಲ್ಲಳು. ಆಪರೇಷನ್‌ನಲ್ಲಿ ಗಾಯದ ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಹಳೆಯ ಗಾಯದ ಸುತ್ತ ಕರುಳು ಮತ್ತು ಮೂತ್ರಕೋಶ ಅಂಟಿಕೊಂಡು ತೊಡಕಾಗುವುದು ಇವೆಲ್ಲ ಇವೆ. ನಿಗದಿತ ಆಪರೇಷನ್‌ನಲ್ಲಿ ಹುಟ್ಟಿದ ಕೆಲವು ಮಕ್ಕಳಿಗೆ ಮೊದಲ ದಿನಗಳಲ್ಲಿ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಬೇರೆ ಕಾರಣವಿಲ್ಲದಿದ್ದರೆ 39 ವಾರ ತುಂಬಿದ ಮೇಲೆ ದಿನ ನಿಗದಿ ಮಾಡುತ್ತಾರೆ. ಒಳ್ಳೆಯ ದಿನ, ಮನೆಯವರ ರಜೆ, ವಿದೇಶದಿಂದ ಮಗ ಬರುವ ದಿನಾಂಕ ನೋಡಿ ಅದಕ್ಕಿಂತ ಮೊದಲೇ ಮಾಡಿ ಎಂದು ಒತ್ತಾಯಿಸಬೇಡಿ.

ಇನ್ನೊಂದು ಮಾತು. ಹೆಚ್ಚು ತೊಡಕು ಕಾಣುವುದು ಪ್ರಯತ್ನ ವಿಫಲವಾಗಿ ನೋವಿನ ನಡುವೆ ತುರ್ತಾಗಿ ಆಪರೇಷನ್ ಮಾಡಬೇಕಾದಾಗ. ಆದ್ದರಿಂದ ಸಫಲವಾಗುವ ಸಾಧ್ಯತೆ ನಿಮಗೆಷ್ಟು ಎಂಬುದನ್ನು ವೈದ್ಯರಿಂದ ನೇರವಾಗಿ ಕೇಳಿ ತಿಳಿದುಕೊಳ್ಳಿ.

ಮುಂದಿನ ಮಕ್ಕಳ ಲೆಕ್ಕ

ಇನ್ನೂ ಎರಡು ಮೂರು ಮಕ್ಕಳು ಬೇಕೆನ್ನುವ ಕುಟುಂಬಗಳು ಇದನ್ನು ಗಮನವಿಟ್ಟು ಓದಬೇಕು. ಪ್ರತಿ ಸಿಸೇರಿಯನ್ ಜೊತೆಗೆ, ಮುಂದಿನ ಗರ್ಭದಲ್ಲಿ ಮಾಸು ಹಳೆಯ ಕಲೆಯೊಳಗೆ ಬೇರುಬಿಡುವ ಅಪಾಯ ಹೆಚ್ಚುತ್ತದೆ. ಹಾಗೆ ಬೇರುಬಿಟ್ಟ ಮಾಸು ಹೆರಿಗೆಯ ನಂತರ ಬಿಡಿಸಿಕೊಳ್ಳುವುದಿಲ್ಲ. ರಕ್ತ ಹೊಳೆಯಂತೆ ಹರಿಯುತ್ತದೆ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಾಸು ಗರ್ಭಕೋಶದ ಬಾಯಿಯ ಮೇಲಿದ್ದವರಲ್ಲಿ ಈ ಅಪಾಯ ಮೊದಲ ಸಿಸೇರಿಯನ್‌ನಲ್ಲಿ ನೂರಕ್ಕೆ 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40 ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಒಮ್ಮೆ ಸಿಸೇರಿಯನ್ ಆದವರು ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ "ಮಾಸು ಎಲ್ಲಿದೆ, ಕಲೆಯ ಮೇಲಿದೆಯೇ?" ಎಂದು ಕೇಳಲೇಬೇಕು.

ಅಂತರವೂ ಮುಖ್ಯ. ಒಂದು ಹೆರಿಗೆಗೂ ಇನ್ನೊಂದಕ್ಕೂ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಕಲೆ ಬಿರಿಯುವ ಅಪಾಯ ಏರುತ್ತದೆ. ಹೆರಿಗೆಯಾಗಿ ಎರಡು ವರ್ಷ ಕಳೆದ ಮೇಲೆ ಮತ್ತೆ ಗರ್ಭ ಧರಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪವಿತ್ರ ಕುರ್‌ಆನ್ ಪೂರ್ಣ ಎರಡು ವರ್ಷಗಳ ಸ್ತನಪಾನದ ಬಗ್ಗೆ ಹೇಳಿರುವುದು ನಮಗೆಲ್ಲ ಗೊತ್ತಿದೆ. ಆ ಎರಡು ವರ್ಷ ಮಗುವಿನ ಹಕ್ಕು ಮಾತ್ರವಲ್ಲ, ತಾಯಿಯ ಗಾಯ ಮಾಗುವ ಸಮಯವೂ ಹೌದು. ಹಾಲೂಡುತ್ತಿದ್ದರೆ ಗರ್ಭ ನಿಲ್ಲುವುದಿಲ್ಲ ಎಂದು ನಂಬಿ ಕೂರಬೇಡಿ. ಅಂತರ ಕಾಪಾಡಲು ತಾತ್ಕಾಲಿಕ ಉಪಾಯಗಳನ್ನು ವೈದ್ಯರಲ್ಲಿ ಕೇಳಿ.

ಯುನಾನಿ ಏನು ಮಾಡಬಲ್ಲದು, ಏನು ಮಾಡಬಾರದು?

ನಾನು ಯುನಾನಿ ಓದಿದವಳು, ಅದರ ಮೇಲೆ ಗೌರವ ಇಟ್ಟುಕೊಂಡವಳು. ಆದ್ದರಿಂದಲೇ ಸ್ಪಷ್ಟವಾಗಿ ಹೇಳುತ್ತೇನೆ: ಗರ್ಭಕೋಶದ ಕಲೆಯನ್ನು ಗಟ್ಟಿ ಮಾಡುವ, ನಾರ್ಮಲ್ ಹೆರಿಗೆಯ ಖಾತ್ರಿ ಕೊಡುವ ಯಾವ ಮಾಜೂನೂ ಇಲ್ಲ, ಯಾವ ಖಮೀರಾವೂ ಇಲ್ಲ. ಇದೆ ಎಂದು ಮಾರುವವರನ್ನು ನಂಬಬೇಡಿ. ಅಬ್‌ಹಲ್, ಸುದಾಬ್‌ನಂತಹ, ಮುಟ್ಟು ಇಳಿಸುವ ಔಷಧಗಳನ್ನು ನಮ್ಮ ಹಳೆಯ ಹಕೀಮರೇ ಗರ್ಭಿಣಿಯರಿಗೆ ನಿಷೇಧಿಸಿದ್ದಾರೆ.

ತಿಂಗಳು ತುಂಬಿದಾಗ ನೋವು ಬರಲೆಂದು ಹರಳೆಣ್ಣೆ ಕುಡಿಸುವುದು, ಖಾರದ ಕಷಾಯ ಕೊಡುವುದು, ಹೊಟ್ಟೆ ನೀವಿಸುವುದು ಹಲವು ಮನೆಗಳಲ್ಲಿದೆ. ಕಲೆ ಇರುವ ಗರ್ಭಕೋಶಕ್ಕೆ ಇದು ಸಲ್ಲದು. ಆಸ್ಪತ್ರೆಯಲ್ಲಿ ಔಷಧ ಕೊಟ್ಟು ನೋವು ಬರಿಸಿದರೂ ಕಲೆ ಬಿರಿಯುವ ಅಪಾಯ ಎರಡು ಮೂರು ಪಟ್ಟಾಗುತ್ತದೆ. ನೋವು ಬರಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನಂತೂ ಇಂಥವರಿಗೆ ಕೊಡಬಾರದೆಂಬ ನಿಯಮವಿದೆ. ವೈದ್ಯರೇ ಅಷ್ಟು ಎಚ್ಚರ ವಹಿಸುವಾಗ ಅಡುಗೆಮನೆಯಲ್ಲಿ ಪ್ರಯೋಗ ಬೇಡ. ಖರ್ಜೂರ ಒಳ್ಳೆಯ ಆಹಾರ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ತಿನ್ನಿ. ಆದರೆ ಅದನ್ನು ಔಷಧವೆಂದು ನೆಚ್ಚಿಕೊಂಡು ತಪಾಸಣೆ ತಪ್ಪಿಸಬೇಡಿ.

ಯುನಾನಿಯ ನಿಜವಾದ ಕೊಡುಗೆ ಬೇರೆಡೆ ಇದೆ. ಗಾಳಿ, ಆಹಾರ ಮತ್ತು ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಎಂಬ ಆರು ವಿಷಯಗಳು ಸಮತೋಲದಲ್ಲಿರಬೇಕೆಂದು ಅದು ಕಲಿಸುತ್ತದೆ. ದಿನವೂ ಸ್ವಲ್ಪ ನಡಿಗೆ, ಮಲಬದ್ಧತೆಯಾಗದಂತಹ ಊಟ, ಎಡಮಗ್ಗುಲಲ್ಲಿ ಸಾಕಷ್ಟು ನಿದ್ರೆ, ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುವುದು, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು: ಯಾವ ದಾರಿಯಲ್ಲಿ ಹೆರಿಗೆಯಾದರೂ ಇವು ಕೈಹಿಡಿಯುತ್ತವೆ.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಸಹಜ ಹೆರಿಗೆಗೆ ಪ್ರಯತ್ನಿಸುವುದಾದರೆ ಮನೆಯಲ್ಲಿ ಅಥವಾ ಆಪರೇಷನ್ ಸೌಲಭ್ಯವಿಲ್ಲದ ಸಣ್ಣ ನರ್ಸಿಂಗ್ ಹೋಂನಲ್ಲಿ ಬೇಡವೇ ಬೇಡ. ಮೊದಲೇ ಹೋಗಿ ಕೇಳಿ: ರಾತ್ರಿ ಎರಡು ಗಂಟೆಗೂ ತಕ್ಷಣ ಆಪರೇಷನ್ ಮಾಡಬಲ್ಲಿರಾ? ಅರಿವಳಿಕೆ ತಜ್ಞರು ಇರುತ್ತಾರೆಯೇ? ರಕ್ತ ಸಿಗುತ್ತದೆಯೇ? ನೋವಿನ ಉದ್ದಕ್ಕೂ ಮಗುವಿನ ಹೃದಯ ಬಡಿತ ನೋಡುತ್ತಿರುತ್ತೀರಾ? ಕಲೆ ಬಿರಿಯುತ್ತಿರುವುದನ್ನು ಎಷ್ಟೋ ಸಲ ಮೊದಲು ತಿಳಿಸುವುದು ಮಗುವಿನ ಹೃದಯ ಬಡಿತವೇ.

ಅರಿವಳಿಕೆ ತಜ್ಞರು ಪುರುಷರಾಗಿರಬಹುದು. ಮಹಿಳಾ ವೈದ್ಯರೇ ಬೇಕೆಂಬ ಬಯಕೆಯನ್ನು ಮೊದಲೇ ಹೇಳಿ. ಆದರೆ ಪ್ರಾಣಾಪಾಯದ ಹೊತ್ತಿನಲ್ಲಿ ಅದಕ್ಕಾಗಿ ತಡ ಮಾಡಬೇಡಿ. ಅನಿವಾರ್ಯ ಸಂದರ್ಭದಲ್ಲಿ ಧರ್ಮದಲ್ಲಿ ವಿನಾಯಿತಿ ಇದೆ.

ನೋವು ಶುರುವಾದ ಕೂಡಲೇ ಹೊರಡಿ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡದ ನೋವು, ಕಲೆಯ ಜಾಗದಲ್ಲಿ ಚುಚ್ಚಿದಂತಾಗುವುದು, ರಕ್ತ ಹೋಗುವುದು, ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಲ್ಲುವುದು, ತಲೆ ಸುತ್ತು, ಮಗುವಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಅತ್ತೆ ಬರಲಿ, ಗಂಡ ಕೆಲಸದಿಂದ ಬರಲಿ ಎಂದು ಕಾಯಬೇಡಿ.

ನಿರ್ಧಾರ ಯಾರದು?

ಹೊಟ್ಟೆ ಅವಳದು, ಕಲೆ ಅವಳದು. ಪ್ರಾಪ್ತ ವಯಸ್ಸಿನ, ಪ್ರಜ್ಞೆಯಲ್ಲಿರುವ ಮಹಿಳೆಯ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ, ತುರ್ತು ಪರಿಸ್ಥಿತಿ ಇಲ್ಲದಿದ್ದರೆ, ಸಾಲದು ಎಂಬುದು 2008ರ ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ಕುಟುಂಬ ಮಶ್ವರಾ ಮಾಡಲಿ, ದುಆ ಮಾಡಲಿ. ಆದರೆ ಮೊದಲು ಅವಳ ಮಾತು ಕೇಳಲಿ. ಈ ಮಾತುಕತೆ ಲೇಬರ್ ರೂಮಿನ ಬಾಗಿಲಲ್ಲಿ ಅಲ್ಲ, ನಾಲ್ಕೈದನೇ ತಿಂಗಳಲ್ಲೇ ಆಗಲಿ. ಎಂಟನೇ ತಿಂಗಳಲ್ಲಿ ಸ್ಥಿತಿ ನೋಡಿ ಮತ್ತೊಮ್ಮೆ ಯೋಚಿಸಿ. ಮನಸ್ಸು ಬದಲಿಸುವುದು ಸೋಲಲ್ಲ. ಆಪರೇಷನ್ ಆದವಳನ್ನು "ನೋವು ತಿನ್ನದೆ ತಾಯಿಯಾದಳು" ಎಂದು ಚುಚ್ಚುವ ನಾಲಗೆಗಳಿಗೆ ಇನ್ನಾದರೂ ಬಿಡುವು ಕೊಡೋಣ.

ಆ ದಿನ ಅತ್ತೆಯನ್ನು ಮತ್ತೆ ಒಳಗೆ ಕರೆದು ಕೂರಿಸಿದೆ. "ಮಾಜೂನ್ ಬೇಡ, ನನಗೆ ಮೊದಲ ಹೆರಿಗೆಯ ಕಾಗದ ತಂದುಕೊಡಿ" ಎಂದೆ. ಸೊಸೆ ತನ್ನ ಭಯವನ್ನು ಅವರ ಎದುರಿಗೇ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಮನೆಯಲ್ಲೇ ಹೇಳಬಾರದಿತ್ತಾ ಮಗಳೇ?" ಎಂದರು. ಮರುವಾರ ಕಾಗದದೊಂದಿಗೆ ಇಬ್ಬರೂ ಬಂದರು. ಅದನ್ನು ಓದಿ, ಪ್ರಸೂತಿ ತಜ್ಞೆಯ ಬಳಿಗೆ ಚೀಟಿ ಬರೆದುಕೊಟ್ಟೆ. ನಿಮ್ಮ ಮನೆಯಲ್ಲೂ ಇಂಥ ಸೊಸೆಯೋ ಮಗಳೋ ಇದ್ದರೆ ಇಂದೇ ಆ ಕಾಗದ ಹುಡುಕಿ, ಅವಳ ಪಕ್ಕದಲ್ಲಿ ಕುಳಿತು ಅವಳಿಗೇನು ಭಯ ಎಂದು ಕೇಳಿ.