ಸಮುದಾಯ ಮತ್ತು ವ್ಯಕ್ತಿಸಾಮರ್ಥ್ಯ: ಬಾಗಲಕೋಟೆ ಜಿಲ್ಲೆಯ ಮೂರು ನಿದರ್ಶನಗಳು

ವ್ಯಕ್ತಿಯ ಸಾಮರ್ಥ್ಯವು ಅವನ ಸ್ವಂತದ್ದೋ ಅವನನ್ನು ರೂಪಿಸಿದ ಸಮುದಾಯದ್ದೋ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಮನುಷ್ಯನು ಸಮಾಜದ ಒಳಗೆ ಮಾತ್ರ ಪೂರ್ಣನಾಗಬಲ್ಲನೆಂಬುದು ಅರಿಸ್ಟಾಟಲನ ನಿಲುವು. ವ್ಯಕ್ತಿಯು ಏನನ್ನು ಮಾಡಬಲ್ಲ, ಏನಾಗಬಲ್ಲ ಎಂಬುದರಿಂದ ಸಮಾನತೆಯನ್ನು ಅಳೆಯಬೇಕೆಂದು ಅಮರ್ತ್ಯ ಸೇನ್ 1979ರ ಉಪನ್ಯಾಸವೊಂದರಲ್ಲಿ ವಾದಿಸಿದರು. ಮೊದಲನೆಯದರಲ್ಲಿ ಸಮುದಾಯಕ್ಕೆ, ಎರಡನೆಯದರಲ್ಲಿ ವ್ಯಕ್ತಿಗೆ ಒತ್ತು ಬಿದ್ದಿದೆ. ಇವೆರಡರ ಸಂಬಂಧವನ್ನು ಬಾಗಲಕೋಟೆ ಜಿಲ್ಲೆಯ ಮೂರು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ನಿದರ್ಶನ ಬಾದಾಮಿಗೆ ಸಮೀಪದ ಪಟ್ಟದಕಲ್ಲಿನದು. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಲೋಕೇಶ್ವರ, ಅಂದರೆ ಇಂದಿನ ವಿರೂಪಾಕ್ಷ ದೇವಾಲಯದ ಶಾಸನಗಳು ಅದರ ಸೂತ್ರಧಾರಿಯನ್ನು ಹೊಗಳುತ್ತವೆ. ಗುಂಡನೆಂಬ ಅನಿವಾರಿತಾಚಾರಿಯ ಹೆಸರು ಉಳಿದಿರುವುದು ಅಲ್ಲಿಯೇ. ಜೆ.ಎಫ್. ಫ್ಲೀಟರ ಓದಿನಂತೆ, ತ್ರಿಭುವನಾಚಾರಿ ಎಂಬ ಹೆಸರನ್ನು ಪಡೆದ ಆಚಾರಿಯು ಆ ಪ್ರಾಂತದ ಕುಶಲರಿಗೆ ಒದಗಿದ್ದ ಬಹಿಷ್ಕಾರವನ್ನು ನಿವಾರಿಸಿದನು. ಒಬ್ಬನ ಸಿದ್ಧಿಯು ಇಡೀ ಕಸುಬಿನವರ ಮಾನವನ್ನು ಮರಳಿ ತಂದಿತೆಂಬುದು ಇಲ್ಲಿನ ವಿಶೇಷ. ಆದರೆ ಬಹಿಷ್ಕರಿಸುವ ಅಧಿಕಾರವೂ ಸಮಾಜದ ಕೈಯಲ್ಲಿಯೇ ಇದ್ದಿತೆಂಬುದನ್ನು ಮರೆಯಲಾಗದು.

ಈ ಅಧಿಕಾರವನ್ನು ಮೂಲದಲ್ಲಿಯೇ ಪ್ರಶ್ನಿಸಿದವರು ಹನ್ನೆರಡನೆಯ ಶತಮಾನದ ಶರಣರು. ಹುನಗುಂದ ತಾಲ್ಲೂಕಿನ ಕೂಡಲಸಂಗಮವು ಬಸವಣ್ಣನವರು ಬೆಳೆದ, ಕೊನೆಗೆ ಐಕ್ಯರಾದ ಕ್ಷೇತ್ರ. ಕಾಯಕತತ್ತ್ವದಲ್ಲಿ ದುಡಿಮೆಯ ಬೆಲೆಯು ಹುಟ್ಟಿನಿಂದ ನಿರ್ಧಾರವಾಗುವುದಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದವರು ಕಸುಬಿನ ಹೆಸರಿನಿಂದಲೇ ಅನುಭಾವಿಗಳಾಗಿ ಮಾನ್ಯರಾದರು. ಕಾಯಕದ ಫಲವು ದಾಸೋಹದ ಮೂಲಕ ಸಮುದಾಯಕ್ಕೆ ಸಲ್ಲಬೇಕು. ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಿರುಗಿಸಲು ಹೇಳಿದ ಪ್ರಸಂಗವು ಸಾಮರ್ಥ್ಯಕ್ಕೂ ಒಂದು ಮಿತಿಯುಂಟೆಂದು ಸಾರುತ್ತದೆ. ಗಳಿಸಬಲ್ಲೆನೆಂಬುದೇ ಗಳಿಸುವುದಕ್ಕೆ ಸಮರ್ಥನೆಯಲ್ಲ.

ಇದೇ ಪ್ರಶ್ನೆ ಇಂದಿಗೂ ಜೀವಂತವಾಗಿರುವುದು ಇಳಕಲ್ಲಿನ ಮಗ್ಗಗಳಲ್ಲಿ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಅಣಿಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವರು. ಬಣ್ಣ, ಹಾಸು, ಕಂಡಿಕೆ, ನೇಯ್ಗೆ ಹೀಗೆ ಒಂದು ಸೀರೆಯಲ್ಲಿ ಹಲವರ ಕೈಗಳಿವೆ. ಪೇಟೆಂಟು ಶೋಧಕನ ಹಕ್ಕಾದರೆ, 1999ರ ಕಾಯಿದೆಯ ಮೇರೆಗೆ ಈ ಸೀರೆಗೆ ದೊರೆತ ಭೌಗೋಳಿಕ ಸೂಚಿಕೆಯು ಆ ಪ್ರದೇಶದ ಉತ್ಪಾದಕರೆಲ್ಲರಿಗೂ ಸೇರಿದ್ದು. ಕೌಶಲವು ಸಾಮುದಾಯಿಕವೆಂದು ಕಾನೂನು ಒಪ್ಪಿದಂತಾಯಿತು. ಹೀಗಿದ್ದರೂ ಮಗ್ಗದಲ್ಲಿ ಕುಳಿತವನನ್ನು ನೇಕಾರನೆಂದು ಗುರುತಿಸುವಷ್ಟು ಸುಲಭವಾಗಿ ಕಂಡಿಕೆ ಸುತ್ತುವ ಹೆಂಗಸನ್ನು ನಾವು ಗುರುತಿಸುವುದಿಲ್ಲ. ನೇಕಾರರ ಮಗಳು ಬೇರೆ ಉದ್ಯೋಗವನ್ನು ಬಯಸಿದರೆ ಅದು ಪರಂಪರೆಗೆ ಬಗೆದ ದ್ರೋಹವೂ ಅಲ್ಲ. ಸೇನರ ವಿಚಾರವು ಇಲ್ಲಿ ನೆರವಿಗೆ ಬರುತ್ತದೆ: ಆಯ್ದುಕೊಳ್ಳುವ ಸ್ವಾತಂತ್ರ್ಯವಿಲ್ಲದ ಕಡೆ ಕೌಶಲವು ಹೊರೆಯಾಗುತ್ತದೆ.

ಒಟ್ಟಿನಲ್ಲಿ, ಸಾಮರ್ಥ್ಯದ ಮೂಲವು ಸಮುದಾಯದಲ್ಲಿದ್ದರೂ ಅದರ ಬಳಕೆಯ ನಿರ್ಧಾರ ವ್ಯಕ್ತಿಯದಾಗಿರಬೇಕು. ಅದರ ಫಲದಲ್ಲಿ ಇಬ್ಬರಿಗೂ ಪಾಲಿರಬೇಕು. ಕಲಿಸಿದ ಸಮುದಾಯವು ಕಟ್ಟಿಹಾಕಬಾರದು. ಕಲಿತ ವ್ಯಕ್ತಿಯು ಋಣವನ್ನು ಮರೆಯಬಾರದು. ಸೂತ್ರಧಾರಿಯ ಶಾಸನವನ್ನೂ ವಚನಗಳನ್ನೂ ನೇಕಾರರ ಬದುಕನ್ನೂ ಶಾಸನಶಾಸ್ತ್ರ, ಸಾಹಿತ್ಯ, ಜಾನಪದವೆಂದು ಬಿಡಿಬಿಡಿಯಾಗಿ ಬೋಧಿಸುವ ನಮ್ಮ ವಿಭಾಗಗಳು ಇವನ್ನು ಒಂದೇ ವಿಚಾರದ ಆಕರಗಳಾಗಿಯೂ ಓದುವುದು ಅಗತ್ಯ.