ಹಿಮದ ಮೇಲೆ ಗಾಳಿಪಟದ ಓಟ

ದೊಡ್ಡ ಗಾಳಿಪಟವೊಂದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಅದು ಎಳೆದತ್ತ ಹಿಮದ ಮೇಲೆ ಜಾರುತ್ತ ಸಾಗುವ ಆಟಕ್ಕೆ ಸ್ನೋಕೈಟಿಂಗ್ ಎಂದು ಹೆಸರು. ಇದೇ ಆಟವನ್ನು ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಆಡಿದರೆ ಅದು ಕೈಟ್‌ಬೋರ್ಡಿಂಗ್. ರಾಮೇಶ್ವರ, ತೂತ್ತುಕುಡಿಯ ಕಡಲಲ್ಲಿ ಚಳಿಗಾಲದಲ್ಲೂ ಗಾಳಿ ಬೀಸುತ್ತದೆ, ನೀರು ಬೆಚ್ಚಗಿರುತ್ತದೆ. ಅಲ್ಲಿ ಆಡುವವರು ಹಿಮ ಹುಡುಕಿಕೊಂಡು ಹೋಗಬೇಕಿಲ್ಲ. ಯುರೋಪಿನ ಆಟಗಾರರ ಪಾಡು ಬೇರೆ. ಸ್ವಿಟ್ಜರ್ಲೆಂಡಿನ ಸಿಲ್ವಾಪ್ಲಾನಾ ಸರೋವರ ಬೇಸಿಗೆಯಲ್ಲಿ ಕೈಟ್‌ಬೋರ್ಡಿಂಗಿನ ತಾಣ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಅದೇ ಗಾಳಿಪಟಗಳು ಮಂಜುಗಡ್ಡೆಯ ಮೇಲೆ ಹಾರುತ್ತವೆ. ಫ್ರಾನ್ಸಿನ ಲೋತಾರೆ ಕಣಿವೆದಾರಿ, ನಾರ್ವೆಯ ಹಾರ್ಡಂಗರ್‌ವಿಡ್ಡಾ ಬಯಲು ಈ ಆಟದ ಇನ್ನೆರಡು ಹೆಸರಾಂತ ನೆಲೆಗಳು.

ಹಿಮದಲ್ಲಿ ಗಾಳಿಯನ್ನು ದುಡಿಸಿಕೊಳ್ಳುವ ವಿದ್ಯೆ ಆಟಕ್ಕಿಂತ ಹಳೆಯದು. 1888ರಲ್ಲಿ ಗ್ರೀನ್‌ಲ್ಯಾಂಡ್ ದಾಟಿದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ತನ್ನ ಜಾರುಬಂಡಿಗಳಿಗೆ ಹಾಯಿ ಕಟ್ಟಿದ್ದ. ಅದೇ ನಾಡಿನ ಬೋರ್ಗೆ ಔಸ್ಲಾಂಡ್ 1996-97ರಲ್ಲಿ ಅಂಟಾರ್ಕ್ಟಿಕಾವನ್ನು ಒಂಟಿಯಾಗಿ ದಾಟಿದ. 64 ದಿನಗಳ, 2,845 ಕಿಲೋಮೀಟರಿನ ಆ ದಾರಿಯಲ್ಲಿ ಗಾಳಿ ಕೂಡಿಬಂದಾಗಲೆಲ್ಲ ಹಾಯಿಯೇ ಅವನನ್ನು ಎಳೆದೊಯ್ದಿತು.

ನೀರಿನಲ್ಲಿ ಕಲಿತವನಿಗೆ ಹಿಮದಲ್ಲಿ ಒದಗುವ ದೊಡ್ಡ ಬಂಡವಾಳವೆಂದರೆ ಪಟದ ಹಿಡಿತ. ಗಾಳಿಗೆ ಬೆನ್ನು ಮಾಡಿ ನಿಂತಾಗ ಎದುರಿಗೆ ಅರ್ಧ ಗುಮ್ಮಟದಷ್ಟು ಆಕಾಶ ಪಟಕ್ಕೆ ಸಿಗುತ್ತದೆ. ಗುಮ್ಮಟದ ಅಂಚಿನಲ್ಲಿ, ಅಂದರೆ ನೆತ್ತಿಯ ಮೇಲೆ ಅಥವಾ ಎಡಬಲದ ತುದಿಯಲ್ಲಿ, ಪಟ ಹಗುರವಾಗಿ ನಿಲ್ಲುತ್ತದೆ. ನಡುಭಾಗಕ್ಕೆ ಧುಮುಕಿದರೆ ಜೋರಾಗಿ ಸೆಳೆಯುತ್ತದೆ. ತೇರದಾಳದ ಹೊಲದಲ್ಲಿ ಆಷಾಢದ ಗಾಳಿಗೆ ಪಟ ಏರಿಸಿದ ಹುಡುಗನಿಗೂ ಈ ಸೆಳೆತದ ಏರಿಳಿತ ಕೈಬೆರಳಿಗೆ ಗೊತ್ತಿರುತ್ತದೆ. ಅವನದು ಒಂದೇ ದಾರದ ಪಟ, ಇದಕ್ಕೆ ನಾಲ್ಕೈದು ದಾರ, ಹಿಡಿಯಲು ಅಡ್ಡಪಟ್ಟಿ. ಪಟ್ಟಿಯನ್ನು ಮೈಯಿಂದ ದೂರ ತಳ್ಳಿದರೆ ಸೆಳೆತ ಇಳಿಯುತ್ತದೆ, ಹತ್ತಿರ ಎಳೆದರೆ ಏರುತ್ತದೆ.

ಬದಲಾಗುವುದು ಕಾಲಡಿಯ ನೆಲ. ನೀರಿನಲ್ಲಿ ಮುಳುಗಿರುವ ಹಲಗೆಯನ್ನು ಮೇಲೆತ್ತಿ ತೇಲಿಸಲು ಮೊದಲಿಗೇ ಸಾಕಷ್ಟು ಬಲ ಬೇಕು. ಹಿಮದ ಮೇಲೆ ಆ ಖರ್ಚಿಲ್ಲ. ಕಾಲಿಗೊಂದರಂತೆ ಕಟ್ಟಿಕೊಳ್ಳುವ ಜಾರುಪಟ್ಟಿ, ಅಂದರೆ ಸ್ಕೀ, ಬಲು ಬೇಗ ಜಾರುತ್ತದೆ. ಹಾಗಾಗಿ ನೀರಿಗೆ ಸಾಲದ ಮಂದ ಗಾಳಿಯೂ ಇಲ್ಲಿ ಸಾಕು, ಪಟವೂ ಚಿಕ್ಕದಿರಬೇಕು. ಸ್ಕೀಯ ಉಕ್ಕಿನ ಅಂಚು ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವುದರಿಂದ ಗಾಳಿಗೆ ಓರೆಯಾಗಿ ಎದುರು ಸಾಗುವುದು, ಗುಡ್ಡ ಏರುವುದು ಕೂಡ ಸಾಧ್ಯ. ಈ ಸಲೀಸೇ ಹೊಸಬರನ್ನು ಮೋಸಗೊಳಿಸುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರಿನ ಗಾಳಿಗೆ ಆರಿಸಿದ ಪಟ 40ರ ಬೀಸಿಗೆ ಸಿಕ್ಕಿದರೆ ತಡೆಯುವುದು ಕಷ್ಟ. ಚಳಿಯ ಲೆಕ್ಕವೂ ಇದೆ. ಒಂದೇ ಒತ್ತಡದಲ್ಲಿ ಮೈನಸ್ 10 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 15ರಷ್ಟು ಸಾಂದ್ರ. ಆದರೆ 2,000 ಮೀಟರ್ ಎತ್ತರದಲ್ಲಿ ಒತ್ತಡವೇ ಶೇ. 20ಕ್ಕಿಂತ ಹೆಚ್ಚು ಕುಸಿದಿರುತ್ತದೆ. ತಗ್ಗಿನ ಸರೋವರದಲ್ಲಿ ಬಿರುಸಾಗಿ ಎಳೆಯುವ ಪಟ ಬೆಟ್ಟದ ಮೇಲೆ ಅದೇ ವೇಗದ ಗಾಳಿಗೆ ಮೆತ್ತಗಾಗುವುದು ಇದರಿಂದಲೇ.

ನೀರಿನ ಪಟಗಳಿಗೆ ಗಾಳಿ ತುಂಬಿದ ಕೊಳವೆಗಳಿರುತ್ತವೆ; ಪಟ ನೀರಿಗೆ ಬಿದ್ದರೂ ತೇಲಬೇಕಲ್ಲ. ಹಿಮದಲ್ಲಿ ಆ ಅಗತ್ಯವಿಲ್ಲ. ಮೇಲಾಗಿ ಕೊರೆಯುವ ಚಳಿಗೆ ಕೊಳವೆಯ ಪ್ಲಾಸ್ಟಿಕ್ ಸೆಡೆತುಕೊಳ್ಳುತ್ತದೆ. ಮುಂಬಾಯಿಂದ ತಾನೇ ಗಾಳಿ ತುಂಬಿಕೊಂಡು ಉಬ್ಬುವ ಫಾಯಿಲ್ ಪಟವೇ ಇಲ್ಲಿ ಅನುಕೂಲ: ಪಂಪು ಬೇಡ, ಮಡಚಿದರೆ ಬೆನ್ನಚೀಲಕ್ಕೆ ಹಿಡಿಯುತ್ತದೆ. ಇದರ ಬಟ್ಟೆ ರಿಪ್‌ಸ್ಟಾಪ್ ನೈಲಾನ್. ಹಾಸು ಹೊಕ್ಕು ಎರಡರಲ್ಲೂ ನಿಗದಿತ ಅಂತರಕ್ಕೊಂದು ಗಟ್ಟಿ ಎಳೆ ಸೇರಿಸಿ ನೇಯುವುದರಿಂದ ಒಂದೆಡೆ ಹರಿದರೂ ಹರಕು ಮುಂದಕ್ಕೆ ಓಡುವುದಿಲ್ಲ. ಆ ಚೌಕಳಿಯ ಜಾಣತನವನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೈಟ್‌ಬೋರ್ಡಿಂಗಿನಲ್ಲಿ ಪಳಗಿದವರ ಮನಸ್ಸು ಸಹಜವಾಗಿಯೇ ಎರಡು ಕಾಲಿಗೂ ಒಂದೇ ಹಲಗೆಯಾದ ಸ್ನೋಬೋರ್ಡಿನತ್ತ ಎಳೆಯುತ್ತದೆ, ಏಕೆಂದರೆ ಅಡ್ಡ ನಿಲ್ಲುವ ಭಂಗಿ ಎರಡಕ್ಕೂ ಒಂದೇ. ಆದರೆ ಪಟ ಆಡಿಸುತ್ತ ಎದ್ದು ನಿಲ್ಲಲು, ತಟ್ಟನೆ ನಿಲ್ಲಿಸಲು ಎರಡು ಕಾಲೂ ಬಿಡಿಬಿಡಿಯಾಗಿರುವ ಸ್ಕೀಯೇ ಮೇಲು. ಪಟವನ್ನು ಹಿಮದ ಮೇಲೆ ಹಾಸಿ, ಹಿಂಬದಿಯ ಅಂಚಿಗೆ ನಾಲ್ಕು ಹಿಡಿ ಹಿಮ ಹೇರಿದರೆ ಒಬ್ಬರೇ ಏರಿಸಬಹುದು.

ಅಪಾಯ ಮಾತ್ರ ನೀರಿಗಿಂತ ಹೆಚ್ಚು. ನೀರು ಬಿದ್ದವನನ್ನು ಬಹುಮಟ್ಟಿಗೆ ಕಾಯುತ್ತದೆ. ಗಟ್ಟಿ ಹಿಮ, ಬಂಡೆ, ಬೇಲಿ, ವಿದ್ಯುತ್ ತಂತಿ ಕಾಯುವುದಿಲ್ಲ. ಹೆಲ್ಮೆಟ್ಟು, ಬೆನ್ನಿನ ಕವಚ, ಒಂದೇ ಏಟಿಗೆ ಸೆಳೆತ ಕಳಚುವ ಕ್ವಿಕ್ ರಿಲೀಸ್ ಇಲ್ಲದೆ ಇಳಿಯಲೇಬಾರದು. ಬೆಟ್ಟದ ಏಣಿನಲ್ಲಿ ಮೇಲ್ಮುಖವಾಗಿ ಬೀಸುವ ಗಾಳಿ ಆಟಗಾರನನ್ನೇ ನೆಲದಿಂದ ಎತ್ತಬಲ್ಲದು. ಏಣಿನ ಮರೆಯಲ್ಲಿ ಗಾಳಿ ಸುಳಿಯಾಗಿ ಪಟ ಹಠಾತ್ತನೆ ಕುಸಿಯುತ್ತದೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಹಿಮಕುಸಿತದ ಭಯ. ಮೋಡ ಮುಸುಕಿದರೆ ನೆಲ, ಆಕಾಶ ಎರಡೂ ಒಂದೇ ಬಿಳುಪಾಗಿ ತಗ್ಗುದಿಣ್ಣೆ ಕಾಣಿಸುವುದಿಲ್ಲ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 20ರಷ್ಟು ಚಳಿ ತಟ್ಟುತ್ತದೆ. ಬೆರಳು ಮರಗಟ್ಟಿದರೆ ಕ್ವಿಕ್ ರಿಲೀಸ್ ಎಳೆಯುವುದೂ ಕಷ್ಟ. ಹೆಪ್ಪುಗಟ್ಟಿದ ಕೆರೆಯಲ್ಲಿ ನಿಚ್ಚಳವಾದ ಮಂಜುಗಡ್ಡೆ ಕನಿಷ್ಠ 10 ಸೆಂಟಿಮೀಟರ್ ದಪ್ಪವಿರಬೇಕು. ಮೇಲೆ ಹಿಮ ಕವಿದಿದ್ದರೆ ತೆಳುವಾದ ಜಾಗ ಗೊತ್ತಾಗುವುದಿಲ್ಲವಾದ್ದರಿಂದ ಸ್ಥಳೀಯರು ಅಳೆದು ಒಪ್ಪಿದ ಕೆರೆಗಷ್ಟೇ ಇಳಿಯಬೇಕು. ಮೊದಲ ಪಾಠಕ್ಕೆ ಅಂಥ ಕೆರೆಯಾಗಲಿ ಅಡೆತಡೆಯಿಲ್ಲದ ಸಮತಟ್ಟು ಬಯಲಾಗಲಿ, ಒಂದೇ ಸಮನೆ ಬೀಸುವ ಮಂದ ಗಾಳಿ, ಅಂದಾಜಿಗಿಂತ ಒಂದಳತೆ ಚಿಕ್ಕ ಪಟ, ಜೊತೆಗೊಬ್ಬ ಶಿಕ್ಷಕ ಇರಬೇಕು. ಬೆಟ್ಟದ ಇಳಿಜಾರು ಆಮೇಲಿನದು.